ಟ್ಯಾಪೆಟ್ ಗ್ಯಾಪ್: ₹2,360ರ ತಪಾಸಣೆ, ₹29,028ರ ದುರಸ್ತಿ

ಹೋಂಡಾ ಸಿವಿಕ್ 1.8 ಪೆಟ್ರೋಲ್ ಕಾರಿನ ಆರ್18 ಎಂಜಿನ್‌ನಲ್ಲಿ ಎಕ್ಸಾಸ್ಟ್ ವಾಲ್ವ್ ಸಂದು 0.23ರಿಂದ 0.27 ಮಿ.ಮೀ. ಇರಬೇಕು. ಎಂಜಿನ್ ತಣ್ಣಗಿರುವಾಗ ವಾಲ್ವ್‌ನ ತುದಿಗೂ ಅದನ್ನು ಒತ್ತುವ ರಾಕರ್‌ಗೂ ನಡುವೆ ಬಿಡುವ ಜಾಗವೇ ಈ ಸಂದು. ಗ್ಯಾರೇಜಿನ ಮಾತಿನಲ್ಲಿ ಟ್ಯಾಪೆಟ್ ಗ್ಯಾಪ್. ಲೋಹ ಕಾದು ಹಿಗ್ಗುವುದಕ್ಕೆ ಇದು ಬೇಕು. ಕನಿಷ್ಠಕ್ಕೂ ಗರಿಷ್ಠಕ್ಕೂ ಅಂತರ 0.04 ಮಿ.ಮೀ. ಮಾತ್ರ. ಜೆರಾಕ್ಸ್ ಹಾಳೆಯ ದಪ್ಪವೇ ಸುಮಾರು 0.1 ಮಿ.ಮೀ.

ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗಿದರೆ ಪ್ರತಿ ವಾಲ್ವ್ 1,000 ಬಾರಿ ತೆರೆದು ಮುಚ್ಚುತ್ತದೆ. ಗಂಟೆಗೆ ಸರಾಸರಿ 40 ಕಿ.ಮೀ. ವೇಗದಲ್ಲಿ 40,000 ಕಿ.ಮೀ. ಓಡಲು 1,000 ಗಂಟೆ ಬೇಕು. ಅಷ್ಟರಲ್ಲಿ ಒಂದೊಂದು ವಾಲ್ವ್ ತಾನು ಮುಚ್ಚಿ ಕೂರುವ ಅಂಚಿಗೆ, ಅಂದರೆ ಸೀಟಿಗೆ, 6 ಕೋಟಿ ಬಾರಿ ಬಡಿದಿರುತ್ತದೆ.

ಸಂದು ಹೆಚ್ಚಾದರೆ ಟಕಟಕ ಸದ್ದು ಬರುತ್ತದೆ, ಕಡಿಮೆಯಾದರೆ ಸದ್ದಿಲ್ಲ. ಸೀಟು ಸವೆದು ವಾಲ್ವ್ 0.25 ಮಿ.ಮೀ.ನಷ್ಟು ಒಳಗೆ ಕೂತರೆ ಸಂದು ಬಹುತೇಕ ಶೂನ್ಯಕ್ಕೆ ಇಳಿಯುತ್ತದೆ. ಆಗ ವಾಲ್ವ್ ಪೂರ್ತಿ ಮುಚ್ಚದು, ಬಿಸಿ ಅನಿಲ ಅಂಚನ್ನು ಸುಡುತ್ತದೆ. ಆದ್ದರಿಂದ ಕಿವಿಗೊಟ್ಟು ಕೇಳಿ ‘ಸರಿ ಇದೆ’ ಎಂದು ಬರೆಯುವ ತಪಾಸಣೆ ಅಪಾಯಕಾರಿ ದೋಷವನ್ನೇ ಬಿಟ್ಟುಬಿಡುತ್ತದೆ. ಸಂದಿನೊಳಗೆ ಫೀಲರ್ ಗೇಜ್ ಎಂಬ ತೆಳು ಅಳತೆಪಟ್ಟಿ ತೂರಿಸಿಯೇ ಅಳೆಯಬೇಕು.

ಸಿಎನ್‌ಜಿಯಲ್ಲಿ ಈ ಸವೆತ ಹೆಚ್ಚು, ಏಕೆಂದರೆ ಸೀಟನ್ನು ತಂಪಾಗಿಡುವ ದ್ರವ ಇಂಧನ ಅಲ್ಲಿಲ್ಲ. 2024-25ರಲ್ಲಿ ಮಾರುತಿ ಸುಜುಕಿ ದೇಶದೊಳಗೆ ಮಾರಿದ ಕಾರುಗಳಲ್ಲಿ ಸರಿಸುಮಾರು ಮೂರರಲ್ಲೊಂದು ಸಿಎನ್‌ಜಿ.

ಇನ್ನು ಖರ್ಚು. ಕೂಲಿ ಗಂಟೆಗೆ ₹800 ಎಂದಿಟ್ಟುಕೊಳ್ಳೋಣ. ಅಳೆಯಲು ಒಂದೂವರೆ ಗಂಟೆ, ₹1,200. ಕವರ್ ಗ್ಯಾಸ್ಕೆಟ್ ₹800. ಶೇ 18 ಜಿಎಸ್‌ಟಿ ಸೇರಿ ₹2,360. ವಾಲ್ವ್‌ಗಳಿರುವ ಸಿಲಿಂಡರ್ ಹೆಡ್ ಇಳಿಸಿ ಅವನ್ನು ಬದಲಿಸಲು 12 ಗಂಟೆ, ₹9,600; ಬಿಡಿಭಾಗ ಮತ್ತು ಲೇತ್ ಕೆಲಸ ₹15,000; ತೆರಿಗೆ ಸೇರಿ ₹29,028. ಇವು ಲೆಕ್ಕಕ್ಕೆ ಹಿಡಿದ ದರಗಳು, ಊರಿಂದೂರಿಗೆ ಬದಲಾಗುತ್ತವೆ. ಪ್ರತಿ 10,000 ಕಿ.ಮೀ. ಸರ್ವಿಸಿನಲ್ಲೂ ಅಳೆದರೆ 1 ಲಕ್ಷ ಕಿ.ಮೀ.ಗೆ ₹23,600 ಆಗುತ್ತದೆ, ಅಂದರೆ ದುರಸ್ತಿ ವೆಚ್ಚದ ಶೇ 81. ಇದನ್ನು ಸಮರ್ಥಿಸಲಾಗದು. 40,000 ಮತ್ತು 80,000 ಕಿ.ಮೀ.ನಲ್ಲಿ ಮಾತ್ರ ಅಳೆದರೆ ₹4,720, ಶೇ 16. ನೂರು ಕಾರುಗಳಲ್ಲಿ 17ರ ಹೆಡ್ ಉಳಿದರೂ ಹಣ ಹುಟ್ಟಿತು. ಸಿಎನ್‌ಜಿ ಕಾರುಗಳಿಗಾದರೂ ಡೀಲರ್‌ಗಳು ಇದನ್ನು ಕಡ್ಡಾಯ ಮಾಡಬೇಕೆಂಬುದು ನನ್ನ ನಿಲುವು. ಸಂದನ್ನು ತಾನೇ ಹೊಂದಿಸಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್‌ನ ಎಂಜಿನ್‌ಗಳಿಗೆ ಇದು ಬೇಡ.

ಡೀಲರ್‌ಗಳಿಗಿರುವ ನಿಜವಾದ ತೊಡಕು 38 ಡಿಗ್ರಿ. ಹೋಂಡಾ ಕೈಪಿಡಿಯಂತೆ ಹೆಡ್‌ನ ಉಷ್ಣಾಂಶ 38 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದ ಮೇಲೆಯೇ ಸಂದು ಹೊಂದಿಸಬೇಕು. ಬೆಳಿಗ್ಗೆ ಬಿಟ್ಟು ಸಂಜೆ ಒಯ್ಯುವ ಸರ್ವಿಸಿಗೆ ಇದು ಒಗ್ಗದು. ಕಾರನ್ನು ಹಿಂದಿನ ರಾತ್ರಿಯೇ ಬಿಡಬೇಕು. ಅಳೆದ ಮೇಲೆ 16 ವಾಲ್ವ್‌ಗಳ 16 ಅಂಕಿಗಳನ್ನೂ ಜಾಬ್ ಕಾರ್ಡಿನಲ್ಲಿ ಬರೆದುಕೊಡಬೇಕು. 80,000 ಕಿ.ಮೀ.ನಲ್ಲಿ ಕಂಡ 0.23 ಮಿ.ಮೀ. ಮೊದಲಿನಿಂದಲೂ ಹಾಗೆಯೇ ಇತ್ತೇ ಅಥವಾ 0.27ರಿಂದ ಇಳಿದದ್ದೇ ಎಂಬುದು ಆ ಹಳೆಯ ಕಾರ್ಡಿನಿಂದಷ್ಟೇ ತಿಳಿಯುತ್ತದೆ.