ತೈಲಯಂತ್ರದಿಂದ ವಿದ್ಯುದ್ಯಂತ್ರಕ್ಕೆ: ಕುಶಲಕರ್ಮಿಯ ವಿದ್ಯೆಯಲ್ಲಿ ಲೋಪ, ಆಗಮ, ಅನುವೃತ್ತಿ

ಧಾರವಾಡದ ಪಶ್ಚಿಮಕ್ಕಿರುವ ಕೆಲಗೇರಿಯು ತನ್ನ ಕೆರೆಯಿಂದ ಹೆಸರಾದ ಊರು. ಈಗ ಹುಬ್ಬಳ್ಳಿ-ಧಾರವಾಡ ಮಹಾನಗರದೊಳಗೆ ಸೇರಿಹೋಗಿರುವದು. ‘ಕೆಲ’ ಎಂದರೆ ಪಕ್ಕ. ‘ಕೇರಿ’ಯ ಕಕಾರಕ್ಕೆ ಗಕಾರವು ಆದೇಶವಾಗಿ ಈ ಹೆಸರು ಸಿದ್ಧಿಸುವದೆಂದು ವ್ಯಾಕರಣರೀತಿಯಿಂದ ಬಿಡಿಸಬಹುದು. ಒಂದು ವರ್ಣವು ಹೋಗಿ ಮತ್ತೊಂದು ಬಂದರೂ ಪದವು ಕೆಡದೆ ನಿಲ್ಲುವ ಈ ನ್ಯಾಯವೇ ಈ ಸೀಮೆಯ ರೇಲ್ವೆ ಕುಶಲಕರ್ಮಿಗಳ ಬಾಳಿನಲ್ಲಿ ಇಂದು ಪರೀಕ್ಷೆಗೊಳಗಾಗಿರುವದು.

ಸದರ್ನ್ ಮರಾಠಾ ರೇಲ್ವೆಯು ೧೮೮೨ ರಲ್ಲಿ ಹುಟ್ಟಿದಂದಿನಿಂದ ಹುಬ್ಬಳ್ಳಿಯು ಕಾರ್ಖಾನೆಯ ಊರಾಗಿ ಬೆಳೆಯಿತು. ಮೊದಲು ಉಗಿಯಂತ್ರ, ಅನಂತರ ಡೀಸೆಲ್ ಯಂತ್ರ. ಹೊಸಪೇಟೆ-ಹುಬ್ಬಳ್ಳಿ-ತಿನೈಘಾಟ ಮಾರ್ಗದ ವಿದ್ಯುದೀಕರಣವು ೨೦೨೩ ನೆಯ ಮಾರ್ಚ್ ೧೨ ರಂದು ಲೋಕಾರ್ಪಣವಾಯಿತು. ಅದೇ ವರ್ಷದ ಜೂನ್ ೨೭ ರಂದು ಬೆಂಗಳೂರು-ಧಾರವಾಡಗಳ ನಡುವಣ ವಂದೇ ಭಾರತ ರೈಲಿಗೆ ಚಾಲನೆ ದೊರೆಯಿತು. ಡೀಸೆಲ್ ಯಂತ್ರಗಳಿಗೆ ಹೆಸರಾದ ಹುಬ್ಬಳ್ಳಿಯ ಲೋಕೋ ಶೆಡ್ಡಿಗೆ ವಿದ್ಯುದ್ಯಂತ್ರಗಳು ಬಂದವು. ಹಾಗಾದರೆ ಎಣ್ಣೆಯ ಯಂತ್ರದಲ್ಲಿಯೇ ಕೈ ಪಳಗಿಸಿಕೊಂಡವನ ವಿದ್ಯೆಯು ವ್ಯರ್ಥವಾಯಿತೇ?

ಇದಕ್ಕೆ ಉತ್ತರವು ಯಂತ್ರದ ಒಳಗೇ ಇರುವದು. ಡೀಸೆಲ್ ಯಂತ್ರದಲ್ಲಿ ಎಣ್ಣೆಯು ಗಾಲಿಗಳನ್ನು ನೇರವಾಗಿ ತಿರುಗಿಸುವದೆಂಬದು ಲೋಕದ ಭ್ರಾಂತಿ. ಈ ಶೆಡ್ಡಿನ ಡಬ್ಲ್ಯೂಡಿಜಿ-೪ ಎಂಬ ಯಂತ್ರವನ್ನೇ ನೋಡಬಹುದು. ಅದರಲ್ಲಿ ಎಣ್ಣೆ ಉರಿದು ಇಂಜಿನ್ ತಿರುಗುವದು. ಇಂಜಿನ್ನಿನಿಂದ ಆಲ್ಟರ್ನೇಟರ್ ತಿರುಗಿ ವಿದ್ಯುತ್ತು ಹುಟ್ಟುವದು. ಆ ವಿದ್ಯುತ್ತೇ ಅಚ್ಚುಗಳಿಗೆ ಜೋಡಿಸಿದ ಮೋಟಾರುಗಳನ್ನು ನಡೆಸುವದು. ಡಬ್ಲ್ಯೂಎಜಿ-೯ ಎಂಬ ವಿದ್ಯುದ್ಯಂತ್ರದಲ್ಲಿಯೂ ಗಾಲಿಯನ್ನು ತಿರುಗಿಸುವದು ಅದೇ ಜಾತಿಯ ಮೂರು ಫೇಜಿನ ಮೋಟಾರೇ. ಭೇದವು ವಿದ್ಯುತ್ತಿನ ಹುಟ್ಟಿನಲ್ಲಿ ಮಾತ್ರ: ಒಂದರಲ್ಲಿ ಅದು ಒಡಲೊಳಗೆ ಹುಟ್ಟುವದು, ಇನ್ನೊಂದರಲ್ಲಿ ೨೫,೦೦೦ ವೋಲ್ಟಿನ ತಂತಿಯಿಂದ ಇಳಿದು ಬರುವದು.

ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಂಧಿಗೆ ಹೇಳಿದ ಲೋಪ, ಆಗಮ, ಆದೇಶಗಳು ಇಲ್ಲಿ ತಾವಾಗಿಯೇ ನೆನಪಿಗೆ ಬರುವವು. ಪಿಸ್ಟನ್, ಇಂಜೆಕ್ಟರ್, ಟರ್ಬೋಗಳಿಗೆ ಲೋಪ. ಮೇಲಿನ ತಂತಿಯನ್ನು ಮುಟ್ಟುವ ಪ್ಯಾಂಟೋಗ್ರಾಫಿಗೆ ಆಗಮ. ಆಲ್ಟರ್ನೇಟರಿನ ಸ್ಥಾನದಲ್ಲಿ ಟ್ರಾನ್ಸ್‌ಫಾರ್ಮರಿಗೆ ಆದೇಶ. ಆದರೆ ಮುಖ್ಯವಾದದ್ದು ಈ ಮೂರಲ್ಲ, ಪಾಣಿನೀಯರು ಹೇಳುವ ಅನುವೃತ್ತಿ. ಹಿಂದಿನ ಸೂತ್ರದ ಪದವು ಮುಂದಿನ ಸೂತ್ರದಲ್ಲಿ ಉಚ್ಚರಿತವಾಗದಿದ್ದರೂ ಅರ್ಥಕ್ಕೆ ಒದಗುವಂತೆ, ಮೋಟಾರು, ಬೋಗಿ, ಗಾಲಿ, ಗಾಳಿಯ ಬ್ರೇಕುಗಳ ಅರಿವು ಹೊಸ ಕೆಲಸಕ್ಕೆ ಒದಗಿ ಬರುವದು. ಈ ಅನುವೃತ್ತಿಯನ್ನು ಗುರುತಿಸದೆ ಮೂವತ್ತು ವರ್ಷ ದುಡಿದವನನ್ನು ಅಕ್ಷರಾಭ್ಯಾಸಕ್ಕೆ ಕುಳ್ಳಿರಿಸಿದಂತೆ ಕಲಿಸುವ ಶಿಕ್ಷಕನು ಕಾಲವನ್ನೂ ಶಿಷ್ಯನ ಮಾನವನ್ನೂ ಏಕಕಾಲಕ್ಕೆ ಕಳೆಯುವನು. ಉಗಿಯಂತ್ರಗಳು ಹೋದಾಗ ಕಲ್ಲಿದ್ದಲು ಎರಚುತ್ತಿದ್ದ ಫಾಯರ್‌ಮನ್ನರು ಡೀಸೆಲ್ ಯಂತ್ರದ ಸಹಾಯಕರಾದದ್ದುಂಟು. ಅವರಿಗೆ ಒದಗಿದ ಅನುವೃತ್ತಿಯಾದರೋ ಇದಕ್ಕಿಂತ ಬಹಳ ಸ್ವಲ್ಪ.

ಎಲ್ಲರಿಗೂ ಈ ಸೌಕರ್ಯವಿಲ್ಲವೆಂಬದನ್ನೂ ಹೇಳತಕ್ಕದ್ದು. ರೇಲ್ವೆಯ ಕಾಯಂ ನೌಕರನಿಗೆ ತರಬೇತಿಯ ಶಾಲೆಯುಂಟು, ತರಬೇತಿಯ ಕಾಲದಲ್ಲಿ ಸಂಬಳವುಂಟು. ಎಣ್ಣೆಯ ಟ್ಯಾಂಕರು ಬರಿದುಮಾಡುವ ಗುತ್ತಿಗೆಯ ಕೂಲಿಗೂ ರಸ್ತೆಯ ಬದಿಯ ಡೀಸೆಲ್ ಮಿಸ್ತ್ರಿಗೂ ಅವೆರಡೂ ಇಲ್ಲ. ದೇವಾಲಯದ ನಂದಾದೀವಿಗೆಗೆ ಎಣ್ಣೆ ಬಿಟ್ಟ ತೆಲ್ಲಿಗರ ಸಂಗತಿಯು ನಮ್ಮ ಶಾಸನಗಳಲ್ಲಿ ಮೇಲಿಂದ ಮೇಲೆ ಬರುವದು. ಸೀಮೆಎಣ್ಣೆಯ ದೀಪ ಬಂದು ಅವರ ಗಾಣಗಳು ಸೊರಗಿದಾಗ ಯಾರೂ ಅವರಿಗಾಗಿ ಶಾಲೆ ತೆರೆಯಲಿಲ್ಲ. ವಿನೋದವೆಂದರೆ, ೧೯೦೦ ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲನ ಯಂತ್ರವೊಂದನ್ನು ಶೇಂಗಾ ಎಣ್ಣೆಯಿಂದಲೇ ನಡೆಸಿ ತೋರಿಸಿದ್ದರು. ಗಾಣಿಗನಿಗೂ ಡೀಸೆಲ್ ಮಿಸ್ತ್ರಿಗೂ ಹೀಗೊಂದು ಮರೆತ ನಂಟು.

ವಿದ್ಯುತ್ತೆಂದ ಮಾತ್ರಕ್ಕೆ ಇಂಗಾಲವು ಇಲ್ಲವಾಗಲಾರದೆಂಬ ಆಕ್ಷೇಪವು ನ್ಯಾಯವಾದದ್ದೇ. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲೇ ವಿದ್ಯುತ್ತಾಗುವದು. ಆದರೆ ೧೯೦೨ ರಲ್ಲಿ ಶಿವನಸಮುದ್ರದ ನೀರು ಕೋಲಾರದ ಗಣಿಗಳಿಗೆ ಬಲ ಕೊಟ್ಟ ನಾಡಿದು. ಗದಗಿನ ಗಾಳಿ, ಪಾವಗಡದ ಬಿಸಿಲುಗಳಿಂದಲೂ ಈಗ ವಿದ್ಯುತ್ತು ಬರುತ್ತಿರುವದು. ಮೂಲವು ಶುದ್ಧವಾದಷ್ಟೂ ಗಾಲಿಯ ಓಟವೂ ಶುದ್ಧವಾಗುವದು. ಎಣ್ಣೆಯ ಇಂಜಿನ್ನಿಗೆ ಆ ಅವಕಾಶವು ಅತ್ಯಲ್ಪ.

ಭಾಷಾಪಂಡಿತರು ಲಕ್ಷ್ಯಗೊಡಬೇಕಾದ ಸ್ಥಳವೊಂದುಂಟು. ಡೀಸೆಲ್ ಯಂತ್ರದ ಮಾಡನ್ನು ನಿರ್ಭಯವಾಗಿ ಏರಿದ ಕಾಲು, ತಂತಿಯ ಕೆಳಗೂ ಅಭ್ಯಾಸಬಲದಿಂದ ಹಾಗೆಯೇ ಏರಿದರೆ ಪ್ರಾಣಹಾನಿಯಾಗುವದು. ಇಲ್ಲಿ ಹಳೆಯ ಅನುವೃತ್ತಿಯನ್ನು ಕಡಿಯಲೇಬೇಕು, ಮತ್ತು ಅದನ್ನು ಕಡಿಯುವದು ಮಾತಿನಿಂದ. ‘ಲೈನ್ ಬಂದ್ ಆಗಿದೆ’ ಎಂಬ ರೂಢಿಯ ಮಾತಿನಲ್ಲಿ ಎರಡು ಬೇರೆ ಅವಸ್ಥೆಗಳು ಕಲಸಿಹೋಗಿರುವವು: ಪ್ರವಾಹವನ್ನು ತಡೆದದ್ದು ಒಂದು, ತಂತಿಯನ್ನು ಭೂಮಿಗೆ ಜೋಡಿಸಿದ್ದು ಇನ್ನೊಂದು. ಪ್ರವಾಹ ತಡೆದ ತಂತಿಯಲ್ಲಿಯೂ ನೆರೆಯ ತಂತಿಯ ಪ್ರಭಾವದಿಂದ ಕೊಲ್ಲುವಷ್ಟು ವಿದ್ಯುತ್ತು ಸಂಭವಿಸಬಲ್ಲದು. ಭೂಮಿಗೆ ಜೋಡಿಸಿದ ಮೇಲೆಯೇ ಅದನ್ನು ಮುಟ್ಟಬಹುದು. ‘ಅರ್ಥಿಂಗ್’ ಎಂಬ ಪರಭಾಷೆಯ ಶಬ್ದವನ್ನೇ ಇಟ್ಟುಕೊಂಡರೂ ಬಾಧಕವಿಲ್ಲ. ‘ಭೂಸಂಪರ್ಕ’ವೆಂದು ಅನುವಾದಿಸಿದರೆ ತನ್ನ ಕಾಲು ನೆಲದ ಮೇಲಿದ್ದರೆ ಸಾಕೆಂದು ಕಲಿಯುವವನು ತಿಳಿದಾನು. ‘ತಂತಿ ತಡೆದಿದೆ’, ‘ತಂತಿಯನ್ನು ನೆಲಕ್ಕೆ ಕಟ್ಟಿದೆ’ ಎಂಬ ಎರಡು ವಾಕ್ಯಗಳು ಶೆಡ್ಡಿನಲ್ಲಿ ಬೇರೆ ಬೇರೆಯಾಗಿ ರೂಢಿಗೆ ಬರತಕ್ಕವು; ಎರಡನೆಯದು ಕಿವಿಗೆ ಬಿದ್ದ ಮೇಲೆಯೇ ಮಾಡನ್ನೇರಬೇಕು.