ಭಾಗವತರು ಮೇಳ ಬಿಟ್ಟ ವರ್ಷ

2018ನೆಯ ಇಸವಿಯ ಮೇ ತಿಂಗಳ 6ನೆಯ ತಾರೀಖು, ಭಾನುವಾರ ರಾತ್ರಿ. ಬೇಸಗೆಯ ರಜೆಗೆಂದು ಗೇರುಸೊಪ್ಪೆಯ ಮನೆಗೆ ಬಂದಿದ್ದ ನಾನು ಜಗಲಿಯಲ್ಲಿ ಕುಳಿತು ಸೆಕೆಗೆ ಬೀಸಣಿಗೆ ಬೀಸಿಕೊಳ್ಳುತ್ತಿದ್ದೆ. ನಮ್ಮ ಶರಾವತಿ ನಾಡಿಗೆಲ್ಲ ಬೆಳಕು ಕೊಡುವವಳು. ಅಣೆಕಟ್ಟಿನ ಬುಡದಲ್ಲಿರುವ ನಮಗೆ ಮಾತ್ರ ಆ ರಾತ್ರಿ ಕರೆಂಟು ಇರಲಿಲ್ಲ. ಒಳಗಿನ ಕೋಣೆಯಲ್ಲಿ ಅಕ್ಕನ ಮಗ ಫೋನಿನ ಬೆಳಕಿಗೆ ಮುಖವೊಡ್ಡಿ ಲಂಡನ್ನಿನಲ್ಲಿ ನಡೆಯುತ್ತಿದ್ದ ಕಾಲ್ಚೆಂಡಿನಾಟವೊಂದನ್ನು ನೋಡುತ್ತಿದ್ದ. ಆಟ ಮುಗಿದು ಬಹಳ ಹೊತ್ತಾದರೂ ಹುಡುಗ ಹೊರಗೆ ಬರಲಿಲ್ಲ. ಹೋಗಿ ನೋಡಿದರೆ ಅಳುತ್ತಿದ್ದಾನೆ.

“ಸೋತರೇನೋ?” ಎಂದೆ.

“ಇಲ್ಲ ಮಾವ, ಐದು ಗೋಲು ಹೊಡೆದು ಗೆದ್ದರು. ವೆಂಗರ್ ಬಿಟ್ಟು ಹೋಗ್ತಾ ಇದ್ದಾರೆ.”

ನನಗೆ ನಗು ತಡೆಯದಾಯಿತು. ಹಿಂದಿನ ಎರಡು ವರ್ಷಗಳಿಂದ ರಜೆಗೆ ಬಂದಾಗಲೆಲ್ಲ ಊಟದ ಪಂಕ್ತಿಯಲ್ಲಿ ಕುಳಿತು, “ಆ ಮುದುಕ ತೊಲಗುವ ತನಕ ನಮ್ಮ ತಂಡ ಉದ್ಧಾರವಾಗುವುದಿಲ್ಲ” ಎಂದು ಶಾಪ ಹಾಕುತ್ತಿದ್ದವನು ಇವನೇ. ಬೇಡಿದ ವರ ಕೈಗೆ ಬಂದ ದಿನ ಹೀಗೆ ಅಳುವುದೆಂದರೇನು? ನಕ್ಕು ಹೊರಗೆ ಬಂದೆನಾದರೂ ನಗು ಬಹಳ ಹೊತ್ತು ನಿಲ್ಲಲಿಲ್ಲ. ನನಗೂ ಒಂದು ಹಳೆಯ ಬಾಕಿ ಇದ್ದಿತು. ಅದು ಆ ಕತ್ತಲೆಯಲ್ಲಿ ನೆನಪಾಯಿತು.

ಕಾಲ್ಚೆಂಡಿನ ವಿಷಯ ತಿಳಿಯದ ವಾಚಕರಿಗಾಗಿ ಎರಡು ಮಾತು ಹೇಳಬೇಕು. ಆರ್ಸೆನ್ ವೆಂಗರ್ ಎಂಬ ಫ್ರೆಂಚ್ ಗೃಹಸ್ಥರು ಲಂಡನ್ನಿನ ಆರ್ಸೆನಲ್ ತಂಡಕ್ಕೆ ಮ್ಯಾನೇಜರಾಗಿ ಬಂದುದು 1996ರ ಅಕ್ಟೋಬರಿನಲ್ಲಿ. ನಮ್ಮ ಹುಡುಗ ಹುಟ್ಟಿದುದು ಅದಾದ ಎರಡು ವರ್ಷಕ್ಕೆ. ಅಂದರೆ ವೆಂಗರ್ ಇಲ್ಲದ ಆರ್ಸೆನಲ್ಲನ್ನು ಅವನು ಕಂಡೇ ಇರಲಿಲ್ಲ. ಮೂರು ಸಲ ಲೀಗ್ ಪ್ರಶಸ್ತಿ, ಏಳು ಸಲ ಎಫ್‌ಎ ಕಪ್ಪು. 2003–04ರಲ್ಲಂತೂ 38 ಆಟಗಳಲ್ಲಿ ಒಂದನ್ನೂ ಸೋಲದೆ ಲೀಗನ್ನು ಗೆದ್ದ ಕೀರ್ತಿ. ಆಮೇಲೆ ಇಳಿಗಾಲ. 2005ರಿಂದ 2014ರವರೆಗೆ ಒಂದು ಕಪ್ಪೂ ಬರಲಿಲ್ಲ. ‘ವೆಂಗರ್ ಹೋಗಲಿ’ ಎಂಬ ಫಲಕಗಳು ಎದ್ದುವು. 2017ರ ಮಾರ್ಚಿನಲ್ಲಿ ಒಂದು ವಿಚಿತ್ರವೇ ನಡೆಯಿತು. ಆಟ ನಡೆಯುತ್ತಿದ್ದಾಗ ಮೈದಾನದ ಮೇಲೆ, ಅವರು ಹೊರಡಬೇಕೆಂಬ ಬಟ್ಟೆಯನ್ನು ಬಾಲಕ್ಕೆ ಕಟ್ಟಿಕೊಂಡು ಒಂದು ಸಣ್ಣ ವಿಮಾನ ಹಾರಿತು; ಅವರಲ್ಲಿಯೇ ನಮ್ಮ ನಂಬಿಕೆಯೆಂಬ ಬಟ್ಟೆ ಕಟ್ಟಿಕೊಂಡು ಇನ್ನೊಂದು ಹಾರಿತು. ಎರಡಕ್ಕೂ ಹಣ ತೆತ್ತವರು ಒಂದೇ ತಂಡದ ಅಭಿಮಾನಿಗಳು.

ನಾನು ಎಂ.ಎ. ತರಗತಿಯಲ್ಲಿ ಕಾವ್ಯಮೀಮಾಂಸೆ ಪಾಠ ಹೇಳುವವನು. ಮಮ್ಮಟನು ಭಾವಶಾಂತಿ, ಭಾವೋದಯ, ಭಾವಸಂಧಿಗಳ ಜೊತೆಗೆ ಭಾವಶಬಲತೆ ಎಂಬುದೊಂದನ್ನು ಹೇಳುತ್ತಾನೆ. ಶಬಲವೆಂದರೆ ಹಲವು ಬಣ್ಣ ಕಲೆತದ್ದು. ಒಂದು ಭಾವವನ್ನು ತುಳಿದುಕೊಂಡು ಇನ್ನೊಂದು, ಅದನ್ನು ತುಳಿದು ಮತ್ತೊಂದು ಏಳುತ್ತ, ಯಾವುದೂ ನಿಲ್ಲದೆ, ಯಾವುದೂ ಪೂರ್ತಿ ಅಳಿಯದೆ ಇರುವ ಸ್ಥಿತಿ. ವರ್ಷ ವರ್ಷವೂ ಇದನ್ನು ಕಪ್ಪುಹಲಗೆಯ ಮೇಲೆ ಬರೆದು ಅಳಿಸುತ್ತ ಬಂದಿದ್ದೇನೆ. ವಿದ್ಯಾರ್ಥಿಗಳು ಇದನ್ನು ಎರಡು ಅಂಕದ ಪ್ರಶ್ನೆಯೆಂದು ಬಗೆಯುತ್ತಾರೆ. ನಾನೂ ಹಾಗೆಯೇ ಬಗೆದಿದ್ದೆನೆಂದು ತೋರುತ್ತದೆ.

ನಮ್ಮ ನಾಡಿನ ಕಾಲ್ಚೆಂಡಿನಲ್ಲಿ ಒಬ್ಬ ತರಬೇತುಗಾರ ಹೀಗೆ ಇಪ್ಪತ್ತು ವರ್ಷ ಬೇರೂರಿದ್ದನ್ನು ನಾನು ಕಂಡಿಲ್ಲ. ಬೆಂಗಳೂರು ಎಫ್‌ಸಿಗೆ ಎರಡು ಸಲ ಐ-ಲೀಗ್ ಗೆದ್ದುಕೊಟ್ಟ ಆಶ್ಲಿ ವೆಸ್ಟ್‌ವುಡ್ ಇದ್ದುದು 2013ರಿಂದ 2016ರವರೆಗೆ, ಮೂರೇ ವರ್ಷ. ಅಷ್ಟರಲ್ಲಿ ಅಭಿಮಾನಿಗೆ ಬೇಸರ ಬರಲೂ ಸಮಯ ಸಾಲದು. ಆದರೆ ಹೊನ್ನಾವರ, ಕುಮಟೆ, ಭಟ್ಕಳದ ಕಡೆಯವರಿಗೆ ಈ ಅನುಭವ ಹೊಸತೇನೂ ಅಲ್ಲ. ನಮಗೆ ಯಕ್ಷಗಾನದ ಮೇಳಗಳಿವೆ. ಮೇಳಕ್ಕೆ ಭಾಗವತರಿದ್ದಾರೆ.

ಭಾಗವತನನ್ನು ಬರಿಯ ಹಾಡುಗಾರನೆಂದು ತಿಳಿಯುವವರು ಆಟವನ್ನು ಅರ್ಧ ಮಾತ್ರ ನೋಡಿದವರು. ವೇಷ ಯಾವಾಗ ಪ್ರವೇಶಿಸಬೇಕು, ಎಷ್ಟು ಹೊತ್ತು ಕುಣಿಯಬೇಕು, ಮಾತು ಎಲ್ಲಿ ನಿಲ್ಲಬೇಕು, ಮದ್ದಳೆ ಚಂಡೆಗಳ ಕಾಲ ಎಲ್ಲಿ ಏರಬೇಕು, ಬೆಳಗಾಗುವುದರೊಳಗೆ ಕಥೆಯನ್ನು ಹೇಗೆ ದಡ ಹತ್ತಿಸಬೇಕು ಎಂಬುದೆಲ್ಲ ಅವನ ಕೈಯ ತಾಳದಲ್ಲಿದೆ. ಬಣ್ಣವಿಲ್ಲ, ಕಿರೀಟವಿಲ್ಲ, ತಲೆಗೊಂದು ಮುಂಡಾಸು ಸುತ್ತಿಕೊಂಡು ರಂಗಸ್ಥಳದ ಹಿಂಬದಿಯಲ್ಲಿ ಕುಳಿತಿರುತ್ತಾನೆ. ಆದುದರಿಂದಲೇ ಅವನನ್ನು ಮೊದಲನೆಯ ವೇಷವೆಂದು ಕರೆದರು. ಗೆರೆಯಾಚೆ ಕೋಟು ತೊಟ್ಟು ನಿಂತು, ಚೆಂಡನ್ನು ಮುಟ್ಟದೆ ಆಟ ನಡೆಸುವ ಮ್ಯಾನೇಜರಿಗೂ ಇವನಿಗೂ ನನಗೇನೂ ದೊಡ್ಡ ಅಂತರ ಕಾಣಿಸದು.

ಕಲಾವಿದರು ಮೇಳ ಬದಲಿಸುವ ಸುದ್ದಿ ಹಬ್ಬುವುದು ಮಳೆಗಾಲದಲ್ಲಿ. ತಿರುಗಾಟ ಮುಗಿದು ಗೆಜ್ಜೆ ಬಿಚ್ಚಿದ ಮೇಲೆ, ಮುಂದಿನ ವರ್ಷ ಯಾರು ಯಾವ ಮೇಳಕ್ಕೆ ಎಂಬ ಚರ್ಚೆಯಿಲ್ಲದೆ ನಮ್ಮ ಕಡೆಯ ಚಹದಂಗಡಿಗಳಲ್ಲಿ ಆಷಾಢ ಕಳೆಯುವುದಿಲ್ಲ. ಯುರೋಪಿನ ಕಾಲ್ಚೆಂಡಿನವರಿಗೂ ಆಟಗಾರರನ್ನು ಕೊಂಡು ಮಾರುವ ಕಾಲ ಬೇಸಗೆಯಲ್ಲಿ, ಹೆಚ್ಚು ಕಡಿಮೆ ಅದೇ ತಿಂಗಳುಗಳಲ್ಲಿ ಬರುವುದೆಂದು ಸೋದರಳಿಯ ಹೇಳಿದಾಗ ನನಗೆ ಮನಸ್ಸಿಗೆ ಏನೋ ಸಮಾಧಾನವಾಯಿತು. ಹುಚ್ಚು ನಮ್ಮದೊಂದೇ ಅಲ್ಲವಷ್ಟೆ.

ಇನ್ನು ನನ್ನ ಬಾಕಿಯ ವಿಷಯ. 2005ರ ಮಳೆಗಾಲವಿರಬೇಕು. ನಾನು ಆಗಷ್ಟೇ ಕಾಲೇಜಿನ ಕೆಲಸಕ್ಕೆ ಸೇರಿದ್ದೆ. ನಮ್ಮೂರಿನಲ್ಲಿ ಪ್ರತಿವರ್ಷ ಗದ್ದೆಯ ಕೊಯ್ಲಾದ ಮೇಲೆ ಒಂದು ಆಟವಾಗುವುದು ರೂಢಿ. ಆ ಮೇಳದಲ್ಲಿ ಒಬ್ಬರೇ ಭಾಗವತರು 22 ವರ್ಷ ಹಾಡಿದ್ದರು. ನನ್ನ ಬಾಲ್ಯದಲ್ಲಿ ಅವರ ಕಂಠವೆಂದರೆ ಹೊಳೆಯಾಚೆಯ ಗುಡ್ಡಕ್ಕೆ ತಾಗಿ ಮರಳುವಂಥದು. ದೊಡ್ಡಪ್ಪನ ಮಡಿಲಿನಲ್ಲಿ ನಿದ್ದೆ ಹೋದ ನನ್ನನ್ನು ನಡುರಾತ್ರಿ ಎಬ್ಬಿಸುತ್ತಿದ್ದುದು ಚಂಡೆಯಲ್ಲ, ಅವರ ಏರುಪದ. ಆದರೆ ಈಚೆಗೆ ಆ ದನಿ ಒಡೆದಿದ್ದಿತು. ಮೇಲಿನ ಸ್ವರಕ್ಕೆ ಹೋದಲ್ಲಿ ಗಾಳಿ ಮಾತ್ರ ಹೊರಡುತ್ತಿದ್ದಿತು. ಹೊಸ ಹುಡುಗರು ನಡುರಾತ್ರಿಗೇ ಎದ್ದು ಹೋಗುತ್ತಿದ್ದರು.

ವೀಳ್ಯ ಕೊಡುವ ಮಾತಿಗೆ ಮೇಳದ ಯಜಮಾನರು ಬಂದರು. ಊರ ಸಮಿತಿಯಲ್ಲಿ ನಾನೇ ಓದಿದವನು, ನಾನೇ ಕಿರಿಯವನು. ಎಲ್ಲರೂ ಮನಸ್ಸಿನಲ್ಲಿಟ್ಟುಕೊಂಡಿದ್ದುದನ್ನು ನಾನು ಬಾಯಿಬಿಟ್ಟು ಹೇಳಿದೆ: “ಭಾಗವತರ ಕಂಠದಲ್ಲಿ ಇನ್ನು ಕಂಚು ಉಳಿದಿಲ್ಲ. ಹೊಸಬರನ್ನು ತರದಿದ್ದರೆ ಮುಂದಿನ ವರ್ಷದಿಂದ ಬೇರೆ ಮೇಳ ನೋಡಬೇಕಾದೀತು.” ವಾಕ್ಯ ಚೆನ್ನಾಗಿ ಬಂದಿತೆಂದು ಆಗ ನನಗೊಂದು ಒಳಗೊಳಗಿನ ಹೆಮ್ಮೆಯೂ ಇದ್ದಿತು. ಜಗಲಿಯ ಮೂಲೆಯಲ್ಲಿ ಕವಳ ಹಾಕುತ್ತಿದ್ದ ದೊಡ್ಡಪ್ಪ ಯಜಮಾನರು ಹೋಗುವ ತನಕ ಸುಮ್ಮನಿದ್ದರು. ಆಮೇಲೆ, “ತಮಾ, ದನಿ ಹೋದದ್ದು ನನಗೂ ಗೊತ್ತದೆ. ನಾನು ಆಟಕ್ಕೆ ಹೋಗುವುದು ದನಿ ಕೇಳಲಿಕ್ಕಲ್ಲ” ಎಂದರು. ಮತ್ತೆ ಯಾತಕ್ಕೆ ಎಂದು ನಾನು ಕೇಳಲಿಲ್ಲ.

ಆ ತಿರುಗಾಟದ ಕೊನೆಗೆ ಭಾಗವತರು ಮೇಳ ಬಿಡುವರೆಂಬ ಸುದ್ದಿ ಬಂದಿತು. ನಮ್ಮೂರಿನ ಆಟದಲ್ಲಿ ಅವರಿಗೆ ಸನ್ಮಾನವೆಂದಾಯಿತು. ಮಾನಪತ್ರ ಬರೆಯುವವರು ಯಾರು? ಕನ್ನಡದ ಮೇಷ್ಟ್ರು ಇರುವ ಊರಿನಲ್ಲಿ ಆ ಪ್ರಶ್ನೆಯೇ ಹುಟ್ಟುವುದಿಲ್ಲ.

ಬರೆದೆ. ಎರಡು ಹಗಲು ಕುಳಿತು ಬರೆದೆ. ‘ಕಂಚಿನ ಕಂಠ’ ಎಂಬ ಮಾತೂ ಅದರಲ್ಲಿ ಬಂದಿತು. ಎರಡು ಪ್ರಸಂಗಗಳ ನಡುವೆ, ಗ್ಯಾಸ್‌ಲೈಟಿನ ಕಾಲ ಹೋಗಿ ಬಂದಿದ್ದ ಕಣ್ಣು ಕುಕ್ಕುವ ದೀಪಗಳ ಕೆಳಗೆ, ಶಾಲು, ಹಣ್ಣಿನ ತಟ್ಟೆ, ಗಾಜಿನ ಕಟ್ಟು ಹಾಕಿದ ಪತ್ರ. ನಾನೇ ಓದಿದೆ. ಮೂರನೆಯ ಸಾಲಿಗೆ ನನ್ನ ಗಂಟಲು ಕಟ್ಟಿತು. ಕಣ್ಣು ತುಂಬಿ ಅಕ್ಷರ ಕಾಣದಾಯಿತು. ಊರವರು ಮೆಚ್ಚಿದರು. ‘ಎಂಥ ಅಭಿಮಾನ’ ಎಂದರು. ನನಗೆ ಮಾತ್ರ, ಬೀಳ್ಕೊಡುವ ಕೈಯೂ ತಳ್ಳಿದ ಕೈಯೂ ಒಂದೇ ಎಂಬುದು ತಿಳಿದಿದ್ದಿತು. ಹಾಗಾದರೆ ಆ ಕಣ್ಣೀರು ನಾಟಕವೆ? ಅಲ್ಲವೆಂದು ಆಣೆಯಿಟ್ಟು ಹೇಳಬಲ್ಲೆ. ಅವರು ಇನ್ನೊಂದು ವರ್ಷ ಇರಲಿ ಎನಿಸಿತೆ? ಅದೂ ಇಲ್ಲ. ಈ ತೊಡಕನ್ನು ಬಿಡಿಸಲಾರದೆ ನಾನು ಹನ್ನೆರಡು ವರ್ಷ ಇಟ್ಟುಕೊಂಡಿದ್ದೆ. ಕತ್ತಲೆಯ ಕೋಣೆಯಲ್ಲಿ ಅಳುತ್ತಿದ್ದ ಹುಡುಗನ ಮುಖದಲ್ಲಿ ಅದನ್ನೇ ಕಂಡುದು.

ಸಾವಿನ ಅಗಲಿಕೆ ಇಂಥದಲ್ಲ. ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದಾಗ ಅವರಿಗಿನ್ನೂ ಮೂವತ್ತೆರಡು ತುಂಬಿರಲಿಲ್ಲ. ಕರಾವಳಿಗೆ ಕರಾವಳಿಯೇ ಒಂದೇ ದನಿಯಿಂದ ಅತ್ತಿತು. ಕೆರೆಮನೆ ಮೇಳದ ಸೂತ್ರ ಹಿಡಿದಿದ್ದ ಶಂಭು ಹೆಗಡೆಯವರು 2009ರ ಫೆಬ್ರವರಿಯಲ್ಲಿ ಇಡಗುಂಜಿಯ ರಂಗಸ್ಥಳದಲ್ಲಿ ಪಾತ್ರದಲ್ಲಿದ್ದಾಗಲೇ ಅಸ್ವಸ್ಥರಾಗಿ ತೀರಿಕೊಂಡರು. ಆ ದುಃಖಕ್ಕೆ ಬೇರೆ ಬಣ್ಣದ ಬೆರಕೆಯಿರಲಿಲ್ಲ. ಅದೇ ಮೇಳದಲ್ಲಿ ದಶಕಗಳ ಕಾಲ ಹಾಡಿದ ನೆಬ್ಬೂರು ನಾರಾಯಣ ಭಾಗವತರು 2019ರಲ್ಲಿ ಹೋದಾಗಲೂ ಹಾಗೆಯೇ. ಆದರೆ ಬದುಕಿದ್ದೇ ಬಿಟ್ಟು ಹೋಗುವವರ ಮುಂದೆ ನಮ್ಮ ಹಳೆಯ ಗೊಣಗಾಟಗಳೆಲ್ಲ ಸಾಕ್ಷಿಗೆ ನಿಲ್ಲುತ್ತವೆ. ಭೀಷ್ಮನು ಸೇನಾಪತಿಯಾಗಿರುವ ತನಕ ಆಯುಧ ಹಿಡಿಯೆನೆಂದ ಕರ್ಣ, ಮುದುಕ ಬಿದ್ದನೆಂದು ಕೇಳಿದೊಡನೆ ಶರಶಯ್ಯೆಯ ಬಳಿಗೆ ಓಡಿ ಬಂದು ಕಣ್ಣೀರಿಡುತ್ತಾನೆ. ಮರುದಿನ ಯುದ್ಧಕ್ಕೂ ಹೊರಡುತ್ತಾನೆ. ಪಾಠ ಹೇಳುವಾಗ ಇದನ್ನು ನಾನು ಕರ್ಣನ ಔದಾರ್ಯವೆಂದು ವಿವರಿಸುತ್ತಿದ್ದೆ. ಈಗ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಔದಾರ್ಯಕ್ಕಿಂತ ಹೆಚ್ಚಿನ ಗೊಂದಲ ಅದರಲ್ಲಿದೆ.

ಅಭಿಮಾನಿ ಯಾವಾಗಲೂ ತಪ್ಪೆಂದಾಗಲಿ ಸರಿಯೆಂದಾಗಲಿ ನಾನು ಹೇಳಹೊರಟಿಲ್ಲ. ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಅಲೆಕ್ಸ್ ಫರ್ಗುಸನ್ ಅವರಿಗೆ 1989ರಲ್ಲಿಯೇ ‘ಇನ್ನು ಸಾಕು’ ಎಂಬರ್ಥದ ಬಟ್ಟೆ ಹಿಡಿದವರಿದ್ದರು. ಮರುವರ್ಷ ಅವರು ಅಲ್ಲಿನ ತಮ್ಮ ಮೊದಲ ಕಪ್ಪನ್ನು ಗೆದ್ದರು, ಆಮೇಲೆ 13 ಲೀಗ್ ಪ್ರಶಸ್ತಿಗಳನ್ನು ಗೆದ್ದು 2013ರಲ್ಲಿ ತಾವಾಗಿಯೇ ಬಿಟ್ಟರು. ಅವರ ಜಾಗಕ್ಕೆ ಬಂದವರು ಹತ್ತು ತಿಂಗಳು ನಿಂತರು. ವೆಂಗರ್ ಅವರ ಜಾಗಕ್ಕೆ ಬಂದವರದು ಒಂದೂವರೆ ವರ್ಷ. ನಮ್ಮ ಮೇಳದ ಹೊಸ ಭಾಗವತರನ್ನೂ ಊರವರು ಮೊದಲ ರಾತ್ರಿಯೇ ಅಳೆದರು. ಕಂಠ ನಿಜಕ್ಕೂ ಸೊಗಸಾಗಿದ್ದಿತು. ಆದರೆ ಪ್ರತಿ ಪದಕ್ಕೂ, ‘ಅವರಾಗಿದ್ದರೆ ಇಲ್ಲಿ ಹೀಗೆ ಎತ್ತುತ್ತಿದ್ದರು’ ಎಂಬ ಪಿಸುಮಾತು. ಹಿಂದಿನ ವರ್ಷ ಆ ‘ಅವರು’ ಎತ್ತಲಾರದೆ ಹೋದುದು ಯಾರಿಗೂ ನೆನಪಿರಲಿಲ್ಲ. ದೊಡ್ಡಪ್ಪ ಒಂದನೆಯ ಪ್ರಸಂಗದ ನಡುವೆಯೇ ಎದ್ದು, ಟಾರ್ಚು ಹಿಡಿದು ಮನೆಗೆ ನಡೆದರು. ಮುಂದಿನ ವರ್ಷ ಬೆಳಗಿನ ಮಂಗಳದವರೆಗೆ ಕುಳಿತರೆಂಬುದನ್ನೂ ಹೇಳಬೇಕು.

ಮೇ 6ರ ಆ ರಾತ್ರಿ ವೆಂಗರ್ ಮೈದಾನದ ನಡುವೆ ನಿಂತು ಮಾತನಾಡಿದರು. ಸೋದರಳಿಯ ಅದನ್ನು ನನಗೆ ಮತ್ತೆ ತೋರಿಸಿದ. ತಮ್ಮ ಬದುಕಿನುದ್ದಕ್ಕೂ ಎದುರಾಳಿಯಾಗಿದ್ದ ಫರ್ಗುಸನ್ ಹಿಂದಿನ ದಿನವಷ್ಟೇ ಮಿದುಳಿನ ರಕ್ತಸ್ರಾವದಿಂದ ಆಸ್ಪತ್ರೆ ಸೇರಿದ್ದರು. ವೆಂಗರ್ ಮೊದಲು ಹಾರೈಸಿದುದು ಅವರಿಗೆ. ತಮ್ಮನ್ನು ಹೊರಡೆಂದವರ ಮೇಲೆ ಒಂದು ಕೊಂಕು ನುಡಿಯೂ ಇರಲಿಲ್ಲ. 2023ರಲ್ಲಿ ಅದೇ ಮೈದಾನದ ಹೊರಗೆ ಅವರ ಪ್ರತಿಮೆ ನಿಂತಿತು. ಹುಡುಗ ಅದರ ಚಿತ್ರವನ್ನು ನನಗೆ ಕಳುಹಿಸಿದ. ಕೆಳಗೆ ಏನನ್ನೂ ಬರೆದಿರಲಿಲ್ಲ.

ಆ ರಜೆ ಮುಗಿಯುವ ಮುನ್ನ, ಮೊದಲ ಮಳೆ ಬಿದ್ದ ಮಾರನೆಯ ದಿನ, ನಾನು ಭಾಗವತರ ಮನೆ ಹುಡುಕಿಕೊಂಡು ಹೋದೆ. ತೋಟದ ಅಂಚಿನ ಸಣ್ಣ ಮನೆ. ಬಹಳ ಬಡವಾಗಿದ್ದರು. ಮಾನಪತ್ರ ಗೋಡೆಯ ಮೇಲೆಯೇ ಇದ್ದಿತು. ಗಾಜಿನೊಳಗೆ ತೇವ ಸೇರಿ ಕೆಳಗಿನ ಎರಡು ಸಾಲು ಮಸುಕಾಗಿದ್ದುವು. ನಾನು ಅದನ್ನು ನೋಡುತ್ತಿರುವುದನ್ನು ಅವರು ನೋಡಿದರು.

“ಕಂಚಿನ ಕಂಠ ಎಂದು ಬರೆದಿದ್ದೀರಿ ಮಾಸ್ತರೇ. ಅದರ ಮೊದಲಿನ ಮಳೆಗಾಲದಲ್ಲಿ ಕಂಚು ಉಳಿದಿಲ್ಲ ಎಂದವರೂ ನೀವೇ ಎಂದು ಯಜಮಾನರು ಹೇಳಿದ್ದರು.”

ನನಗೆ ಉತ್ತರ ಹೊಳೆಯಲಿಲ್ಲ. ಎದ್ದು ಹೋಗಿಬಿಡಲೇ ಎನಿಸಿತು. ಒಳಗಿನಿಂದ ಚಹ ಬಂದಿತು. ಅವರು ಲೋಟವನ್ನು ನನ್ನ ಕಡೆಗೆ ಸರಿಸಿ, ತಮ್ಮದನ್ನು ಊದಿ ಊದಿ ಅರ್ಧ ಕುಡಿದರು.

“ನಿಮ್ಮೂರಿನ ಆಟ ಈ ವರ್ಷವೂ ಉಂಟಲ್ಲ?” ಎಂದರು. “ತಾರೀಖು ಗೊತ್ತಾದರೆ ತಿಳಿಸಿ. ಮೊಮ್ಮಗ ಬೈಕಿನಲ್ಲಿ ಕರೆತರುತ್ತಾನೆ. ಒಮ್ಮೆ ಎದುರಿಗೆ ಕೂತು ನೋಡಬೇಕು. ಇಷ್ಟು ವರ್ಷ ಹಿಂದೆ ಕೂತವನು, ವೇಷದವರ ಬೆನ್ನು ಮಾತ್ರ ಕಂಡದ್ದು.”

ಡಿಸೆಂಬರಿನಲ್ಲಿ ಬಂದರು. ಎರಡನೆಯ ಸಾಲಿನಲ್ಲಿ, ದೊಡ್ಡಪ್ಪನ ಪಕ್ಕದ ಕುರ್ಚಿಯಲ್ಲಿ ಕುಳಿತು, ತಲೆಗೆ ಮಫ್ಲರ್ ಸುತ್ತಿಕೊಂಡು, ಬೆಳಗಿನವರೆಗೂ ನೋಡಿದರು.