ದೇಹೂ ರೋಡಿನಲ್ಲಿ ಸ್ಲ್ಯಾಬ್ ಹಾಕುವ ದಿನ

ಪುಣೆಯಿಂದ ಲೋಣಾವಳಾ ಕಡೆಗೆ ಹೋಗುವ ಲೋಕಲ್ ರೈಲು ಆಕುರ್ಡಿ ದಾಟುತ್ತಲೇ ಕಿಟಕಿಯಾಚೆ ಅಪಾರ್ಟ್‌ಮೆಂಟುಗಳು ವಿರಳವಾಗಿ ಮರ, ಕಾಂಪೌಂಡು, ಮುಳ್ಳುತಂತಿ ಶುರುವಾಗುತ್ತವೆ. ಮುಂದಿನ ನಿಲ್ದಾಣವೇ ದೇಹೂ ರೋಡ್. ಸಂತ ತುಕಾರಾಮರ ದೇಹೂ ಇರುವುದು ಇಲ್ಲಿಂದ ಇನ್ನೂ ಕೆಲವು ಕಿಲೋಮೀಟರು ಆಚೆ, ಇಂದ್ರಾಯಣಿಯ ದಂಡೆಯಲ್ಲಿ. ಅಲ್ಲಿಗೆ ಹೋಗುವವರು ಇಳಿಯುವ ಜಾಗವೆಂದು ನಿಲ್ದಾಣಕ್ಕೆ ಈ ಹೆಸರು. ಆದರೆ ನಿಲ್ದಾಣದ ಸುತ್ತ ಊರು ಬೆಳೆದದ್ದು ವಿಠ್ಠಲಭಕ್ತ ವಾರಕರಿಗಳಿಂದಲ್ಲ, ಸೈನ್ಯದಿಂದ. ಮದ್ದುಗುಂಡಿನ ಡಿಪೋ, ಆರ್ಡ್‌ನೆನ್ಸ್ ಫ್ಯಾಕ್ಟರಿ, ಕಂಟೋನ್ಮೆಂಟ್ ಬೋರ್ಡು, ಇವುಗಳನ್ನು ನಂಬಿಕೊಂಡ ಒಂದು ಬಜಾರು. ಇಷ್ಟೇ ಮೂಲದ ದೇಹೂ ರೋಡ್.

ಇಲ್ಲಿ ಜಾಗದ ವ್ಯವಹಾರ ಮಾಡುವವರ ಬಾಯಲ್ಲಿ ಮೊದಲು ಬರುವುದು ‘ರೆಡ್ ಝೋನ್’. ಡಿಪೋದ ಗಡಿಯಿಂದ 2000 ಗಜದೊಳಗೆ ಕಟ್ಟಡ ಕಟ್ಟಲು ನಿರ್ಬಂಧವಿದೆ. ಅದರ ಬೇರು ಬ್ರಿಟಿಷರು ಮಾಡಿದ 1903ರ ರಕ್ಷಣಾ ಕಾಮಗಾರಿ ಕಾಯ್ದೆಯಲ್ಲಿದೆ. ನಿಗಡಿ, ತಳವಡೆ, ಕಿವಳೆ, ರಾವೇತಗಳ ಕೆಲವು ಭಾಗಗಳೂ ಈ ಗೆರೆಯೊಳಗೆ ಸಿಕ್ಕಿಕೊಂಡಿವೆ. ಗೆರೆಯ ಒಳಗೆ ತಗಡಿನ ಮನೆ, ತಗ್ಗು ಚಾಳು. ಗೆರೆ ದಾಟಿದರೆ ಕತ್ತೆತ್ತಿ ನೋಡಬೇಕಾದ ಗೋಪುರಗಳು. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ ವೇ 2002ರಲ್ಲಿ ಪೂರ್ತಿ ತೆರೆಯಿತು. ಅದರ ಪುಣೆ ಕಡೆಯ ತುದಿ ಕಿವಳೆ. ಕಾತ್ರಜ್‌ನಿಂದ ಬರುವ ಬೈಪಾಸು ಸೇರುವುದೂ ಇಲ್ಲೇ. ಅಂಥ ಕಡೆ ಜೋಳದ ಹೊಲ ಹೊಲವಾಗಿಯೇ ಉಳಿಯುತ್ತದೆಯೇ? ಗೆರೆಯೊಳಗಿನ ತಗಡಿನ ಕೆಳಗೆ ಮಲಗಿ, ಗೆರೆಯಾಚೆ ಸ್ಲ್ಯಾಬ್ ಎತ್ತುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯ ನಮ್ಮ ಜನ ಬಹಳ.

ನಾನು ಹುಡುಕಿಕೊಂಡು ಹೋದದ್ದು ಆಳಂದ ತಾಲ್ಲೂಕಿನ ಐವರು ಗೆಳೆಯರನ್ನು. ಒಂದೇ ಊರು, ಒಂದೇ ಶಾಲೆ. ಈಗ ಮೂವರು ಕಲಬುರಗಿಯಲ್ಲಿ ಡಿಗ್ರಿ ಓದುತ್ತಾರೆ, ಒಬ್ಬ ಐಟಿಐ, ಒಬ್ಬ ಪಿಯುಸಿಗೇ ಬಿಟ್ಟವನು. ಬಿಟ್ಟವನೇ ಇವರಿಗೆಲ್ಲ ಇಲ್ಲಿ ಹಿರಿಯ. ಮೂರು ವರ್ಷದಿಂದ ಪುಣೆಯಲ್ಲಿದ್ದಾನೆ, ಥಾಪಿ, ಅಂದರೆ ಗೌಂಡಿಯ ಕರಣೆ, ಹಿಡಿಯುವುದು ಕಲಿತಿದ್ದಾನೆ. ಉಳಿದವರು ರಜೆಗೆ ಬಂದ ಬಿಗಾರಿಗಳು, ಅಂದರೆ ಗೌಂಡಿಯ ಕೈಯಾಳುಗಳು. ಆಳಂದ ಗಡಿಯಲ್ಲಿರುವುದರಿಂದ ಮರಾಠಿ ಯಾರಿಗೂ ಹೊಸದಲ್ಲ. ಇವರ ಕೋಣೆಯ ಮೂಲೆಯಲ್ಲಿ ಊರಿಂದ ತಂದ ಜೋಳದ ಹಿಟ್ಟಿನ ಚೀಲ, ಶೇಂಗಾ ಹಿಂಡಿಯ ಡಬ್ಬಿ. ಗೋಡೆಯ ಮೊಳೆಗೆ ತೂಗುವ ಕೈಚೀಲದಲ್ಲಿ ಪಿಎಸ್‌ಐ ಪರೀಕ್ಷೆಯ ಗೈಡು.

“ತೊಗರಿ ರಾಶಿ ಮುಗೀತಂದ್ರ ಮಳಿ ಬರೋತನಕ ಊರಾಗ ಏನ್ ಕೆಲ್ಸ ಅದರಿ ಸರ? ಕಟ್ಟಿ ಮ್ಯಾಗ ಕುಂತು ಮೊಬೈಲ್ ತಿಕ್ಕೋದು. ಅದರ ಬದ್ಲಿ ನಾವೆಲ್ಲಾ ಕೂಡೇ ಉದ್ಯಾನ್ ಹತ್ತಿದ್ವಿ” ಎಂದ ಅವರಲ್ಲೊಬ್ಬ. ಉದ್ಯಾನ್ ಎಕ್ಸ್‌ಪ್ರೆಸ್‌ನ ಜನರಲ್ ಡಬ್ಬಿಯಲ್ಲಿ ಪುಣೆಯವರೆಗೆ, ಅಲ್ಲಿಂದ ಲೋಕಲ್. ಬಿಗಾರಿಗೆ ದಿನಕ್ಕೆ ಆರುನೂರು, ಏಳುನೂರು. ಗೌಂಡಿಗೆ ಸಾವಿರದ ಆಸುಪಾಸು. ಸ್ಲ್ಯಾಬಿನ ದಿನ ಮಾತ್ರ ಲೆಕ್ಕ ಬೇರೆ: ಇಡೀ ಗ್ಯಾಂಗಿಗೆ ಗುತ್ತಿಗೆ, ಹಂಚಿಕೊಂಡರೆ ಕೈಗೆ ಸ್ವಲ್ಪ ಹೆಚ್ಚು. ಅದಕ್ಕೇ ಸ್ಲ್ಯಾಬ್ ಇದೆಯೆಂದರೆ ಯಾರಿಗೂ ಜ್ವರ ಬರುವುದಿಲ್ಲ.

ನಾವು ಹೊರಟದ್ದು ಬೆಳಕು ಹರಿಯುವ ಹೊತ್ತಿಗೆ. ದೇಹೂ ರೋಡಿನ ಬುದ್ಧ ವಿಹಾರದ ಮುಂದೆ ಹಾಯುವಾಗ ಇಬ್ಬರು ಚಪ್ಪಲಿ ಬಿಟ್ಟು ಕೈಮುಗಿದರು. ಡಾ. ಅಂಬೇಡ್ಕರ್ 1954ರ ಡಿಸೆಂಬರ್ 25ರಂದು ಇಲ್ಲಿ ಬುದ್ಧನ ಮೂರ್ತಿ ಪ್ರತಿಷ್ಠಾಪಿಸಿದರು; ಮೂರ್ತಿ ಬಂದದ್ದು ರಂಗೂನಿನಿಂದ. ನಾಗಪುರದ ಬೌದ್ಧ ದೀಕ್ಷೆಗೆ ಇನ್ನೂ ಎರಡು ವರ್ಷವಿತ್ತು. ಪಂಢರಪುರದ ವಿಠೋಬನೂ ಮೂಲದಲ್ಲಿ ಬುದ್ಧನೇ ಎಂಬ ತಮ್ಮ ವಾದವನ್ನು ಅವರು ಮಂಡಿಸಿದ್ದು ಇದೇ ಸಮಾರಂಭದಲ್ಲಿ. ವಿಠ್ಠಲನ ಹೆಸರಿನಲ್ಲಿ ದಿಂಡಿ ಹೊರಡುವ ದೇಹೂ ಪಕ್ಕದಲ್ಲೇ ಇದೆ ಎಂಬುದನ್ನು ನೆನೆದರೆ, ಆ ಮಾತಿಗೆ ಜಾಗ ಎಂಥದ್ದು ಸಿಕ್ಕಿತು ಅನ್ನಿಸುತ್ತದೆ.

ಕೆಲಸವಿದ್ದದ್ದು ಕಿವಳೆಯ ಕಡೆ, ಗೆರೆಯ ಹೊರಗಿನ ಒಂದು ಗಲ್ಲಿಯಲ್ಲಿ. ದೊಡ್ಡ ಗೋಪುರಗಳಲ್ಲಿ ಕಾಂಕ್ರೀಟು ಲಾರಿಯಲ್ಲೇ ಕಲಸಿ ಬಂದು ಪಂಪಿನಿಂದ ಮೇಲೇರುತ್ತದೆ. ಅಲ್ಲಿ ಇವರ ಕೈ ಬೇಕಾಗುವುದು ಕಡಿಮೆ. ಇದು ನಿವೃತ್ತ ನೌಕರರೊಬ್ಬರ ಸ್ವಂತ ಮನೆ, ಮೂರನೇ ಸ್ಲ್ಯಾಬು. ಗ್ಯಾಂಗಿನ ಮುಕಾದಮ ಇಂಡಿ ತಾಲ್ಲೂಕಿನವರು, ಪುಣೆಗೆ ಬಂದು ತಲೆ ನರೆತಿದೆ. ಎಲ್ಲರಿಗೂ ಅವರು ಕಾಕಾ. ಸೆಂಟ್ರಿಂಗಿನವರು ಪ್ಲೇಟು ಹಾಸಿ, ಸಳಿ (ಕಬ್ಬಿಣದ ಸರಳು) ಕಟ್ಟುವವರು ಜಾಲ ಹೆಣೆದು ಹಿಂದಿನ ದಿನವೇ ಹೋಗಿದ್ದರು. ಕಾಕಾ ಸಳಿಯ ಮೇಲೆ ಓಡಾಡಿ, ಅದರಡಿ ಕೈಹಾಕಿ ಕವರ್ ಬ್ಲಾಕು ಇದೆಯೇ ಎಂದು ನೋಡಿದರು. ಅದಿಲ್ಲದಿದ್ದರೆ ಸಳಿ ಪ್ಲೇಟಿಗೆ ಅಂಟಿ, ಮುಂದೆ ಒಂದು ದಿನ ತುಕ್ಕು ಹಿಡಿದು ಛಾವಣಿಯ ಚಕ್ಕೆ ಉದುರುತ್ತದೆ. ಎರಡು ಕಡೆ ಇರಲಿಲ್ಲ. ಬೈಗುಳ ಶುದ್ಧ ವಿಜಯಪುರದ್ದು, ಇಲ್ಲಿ ಬರೆಯುವಂತಿಲ್ಲ.

ಮಿಕ್ಸರಿಗೆ ಕುಂಕುಮ, ಒಂದು ತೆಂಗಿನಕಾಯಿ. ಕಾಯಿ ಒಡೆದವನೇ ಮೊದಲ ಚೀಲ ಹರಿದ. ಒಂದು ಪಾಲು ಸಿಮೆಂಟಿಗೆ ಒಂದೂವರೆ ಉಸುಕು, ಮೂರು ಖಡಿ (ಜಲ್ಲಿ). ಅಳತೆ ಘಮೇಲಿಯಲ್ಲಿ, ಅಂದರೆ ಗಾರೆ ಹೊರುವ ಬಾಣಲಿಯಲ್ಲಿ. ಉಸುಕೆಂದರೆ ನದಿಯದಲ್ಲ, ಕಲ್ಲು ಪುಡಿ ಮಾಡಿದ ಕ್ರಶ್ ಉಸುಕು. ಮಿಕ್ಸರಿನ ಜೊತೆಗೇ ಇರುವ ಲಿಫ್ಟು ಮಾಲು ಮೇಲೆ ಒಯ್ದು ತಗಡಿನ ಮೇಲೆ ಸುರಿಯುತ್ತದೆ. ಅಲ್ಲಿಂದ ಸ್ಲ್ಯಾಬಿನ ದೂರದ ಮೂಲೆಯವರೆಗೆ ಮನುಷ್ಯರ ಸಾಲು.

ಈ ಸಾಲನ್ನು ಹತ್ತಿರದಿಂದ ನೋಡಬೇಕು. ತುಂಬಿದ ಘಮೇಲಿ ಕೈಯಿಂದ ಕೈಗೆ ಹೋಗುತ್ತದೆ, ಖಾಲಿಯದು ಗಾಳಿಯಲ್ಲಿ ಹಾರಿ ವಾಪಸ್ ಬರುತ್ತದೆ. ಕೊಡುವವನು ಸೊಂಟದ ಎತ್ತರದಲ್ಲಿ ಕೊಡಬೇಕು, ತೆಗೆದುಕೊಳ್ಳುವವನು ಅದು ಬರುವ ಮೊದಲೇ ಆ ಕಡೆ ವಾಲಿರಬೇಕು. ನಿಂತು ಹಿಡಿದರೆ ಭಾರ ಭುಜಕ್ಕೆ ಬೀಳುತ್ತದೆ. ವಾಲಿ ಹಿಡಿದರೆ ಅದೇ ತೂಗಿಕೊಂಡು ಮುಂದೆ ಹೋಗುತ್ತದೆ. ಹೊಸಬ ಅಪರಿಚಿತನ ಪಕ್ಕ ನಿಂತರೆ ಸಾಲು ಮುಗ್ಗರಿಸುತ್ತದೆ. ಹಾಗಾಗಿ ಕಾಕಾ ಐವರನ್ನೂ ಒಟ್ಟಿಗೇ ನಿಲ್ಲಿಸುತ್ತಾರೆ. ಇವರ ನಡುವೆ ಕಬಡ್ಡಿಯ ಕಾಲದಿಂದ ಬಂದ ಒಂದು ಲಯವಿದೆ. ನಡುನಡುವೆ ಒಬ್ಬ ಬೇಕೆಂದೇ ಸ್ವಲ್ಪ ಹೆಚ್ಚು ಜೋರಾಗಿ ತಳ್ಳುತ್ತಾನೆ, ಇನ್ನೊಬ್ಬ “ಲೇ, ನಿಮ್ಮಪ್ಪನ ಆಸ್ತಿ ಏನಲೇ ನನ್ನ ಸೊಂಟ?” ಅನ್ನುತ್ತಾನೆ. ನಗು ಒಂದು ತುದಿಯಿಂದ ಇನ್ನೊಂದು ತುದಿಗೆ ಘಮೇಲಿಯ ಹಿಂದೆಯೇ ಹೋಗುತ್ತದೆ. ನನಗೂ ಸ್ವಲ್ಪ ಹೊತ್ತು ಜಾಗ ಕೊಟ್ಟರು. ಆಮೇಲೆ ಬಹಳ ಮರ್ಯಾದೆಯಿಂದ “ಸರ, ನೀವು ಫೋಟೋ ತೆಗೀರಿ” ಎಂದರು.

ಹತ್ತು ಗಂಟೆಯ ಹೊತ್ತಿಗೆ ನೀರಿನ ಜಗಳ. ನೀರು ಹೆಚ್ಚಾದರೆ ಮಾಲು ಸಲೀಸಾಗಿ ಹರಿಯುತ್ತದೆ, ಎಳೆಯುವವರಿಗೆ ಸುಖ. ಆದರೆ ಹೆಚ್ಚಾದ ನೀರು ಆಮೇಲೆ ಆವಿಯಾಗಿ ಒಳಗೆ ತೂತು ಬಿಟ್ಟು ಹೋಗುತ್ತದೆ, ಬಲ ಇಳಿಯುತ್ತದೆ. ಮಿಕ್ಸರಿನ ಹುಡುಗ ಅರ್ಧ ಬಕೆಟ್ ಜಾಸ್ತಿ ಸುರಿದದ್ದನ್ನು ಮೇಲಿನಿಂದಲೇ ಕಂಡ ಕಾಕಾ ಕೂಗಿದರು: “ಏ ತಮ್ಮಾ, ಸ್ಲ್ಯಾಬ್ ಹಾಕಾಕ ಬಂದೀಯೋ ಸಾರ್ ಮಾಡಾಕ ಬಂದೀಯೋ?” ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಂದು ಅಧ್ಯಾಯ ಹಿಡಿಯುವ ವಿಷಯ ಇದು. ಮನೆ ಯಜಮಾನರು ಛತ್ರಿ ಹಿಡಿದು ಒಂದೇ ಸಮನೆ ಚೀಲ ಎಣಿಸುತ್ತಿದ್ದರು. ನೀರನ್ನು ಅವರು ನೋಡಲೇ ಇಲ್ಲ. ಕಟ್ಟಿಸುವವರು ಹೆಚ್ಚಾಗಿ ಹೀಗೇ. ಸಿಮೆಂಟು ಕದ್ದಾರೆಂಬ ಚಿಂತೆಯಲ್ಲಿ, ಸ್ಲ್ಯಾಬ್ ಕೆಡುವ ದಾರಿ ಯಾವುದೆಂದು ಯೋಚಿಸುವುದಿಲ್ಲ.

ಒಮ್ಮೆ ಶುರುವಾದರೆ ನಡುವೆ ನಿಲ್ಲಿಸುವಂತಿಲ್ಲ. ಹಾಕಿದ್ದು ಬಿಗಿದ ಮೇಲೆ ಹೊಸದು ಅದರೊಂದಿಗೆ ಒಂದಾಗುವುದಿಲ್ಲ. ಆ ಕೂಡಿಕೆಯಲ್ಲೇ ಮಳೆಗಾಲದಲ್ಲಿ ನೀರು ಇಳಿಯುತ್ತದೆ. ಬಿಸಿಲು ಜೋರಾದಷ್ಟೂ ಬಿಗಿಯುವುದು ಬೇಗ. ಹಾಗಾಗಿ ಊಟವೂ ಪಾಳಿಯಲ್ಲಿ. ಇಬ್ಬಿಬ್ಬರೇ ಕೆಳಗಿಳಿದು, ಅರ್ಧ ಕಟ್ಟಿದ ಮೆಟ್ಟಿಲ ಮೇಲೆ ಕೂತು, ರೊಟ್ಟಿ ಮುರಿದು, ಝುಣಕ ಅದ್ದಿ, ಹಸಿಮೆಣಸಿನಕಾಯಿ ಕಚ್ಚಿ ಮತ್ತೆ ಏರಿದರು. ತಿನ್ನುವ ಮೊದಲು ಕೈ ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಬೂದುಬಣ್ಣ ಹೋಗದು. ಹಸಿ ಸಿಮೆಂಟು ಚರ್ಮ ಸುಡುತ್ತದೆ. ಬೆರಳ ಸಂದಿಗಳಲ್ಲಿ ಸಣ್ಣ ಸಣ್ಣ ತೂತು ಬಿದ್ದಿದ್ದವು. ಮದ್ದು ಕೊಬ್ಬರಿ ಎಣ್ಣೆ. ಗಮ್‌ಬೂಟು ಇದ್ದದ್ದು ವೈಬ್ರೇಟರ್ ಹಿಡಿದವನಿಗೆ ಮಾತ್ರ, ಹೆಲ್ಮೆಟ್ಟು ಯಾರಿಗೂ ಇಲ್ಲ.

ಇಲ್ಲೊಂದು ಲೆಕ್ಕ ನನ್ನ ತಲೆಯಿಂದ ಹೋಗಲಿಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ ಪ್ರಕಾರ ಕಲ್ಯಾಣ ಮಂಡಳಿಯ ನೋಂದಣಿ ಬೇಕೆಂದರೆ ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿರಬೇಕಿತ್ತು. ಅದರ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ 90. ಕಾಲೇಜಿನ ರಜೆ ಅಷ್ಟು ಉದ್ದ ಇರುವುದಿಲ್ಲ. ಕಟ್ಟಡದ ವೆಚ್ಚದ ಶೇಕಡಾ ಒಂದರಷ್ಟು ಸೆಸ್ ಮಂಡಳಿಯ ನಿಧಿಗೆ ಹೋಗುತ್ತದೆ. ಇವರು ಎತ್ತಿದ ಸ್ಲ್ಯಾಬುಗಳಿಂದಲೂ ಹೋಗಿರಬಹುದು. ಆದರೆ ಸಳಿ ಚುಚ್ಚಿದರೆ, ಪರಾಂಚಿಯ ಅಟ್ಟಣಿಗೆಯಿಂದ ಬಿದ್ದರೆ, ಆ ನಿಧಿಯ ಕಣ್ಣಿಗೆ ರಜೆಗೆ ಬಂದ ಈ ನಾಲ್ವರು ಕಾರ್ಮಿಕರೇ ಅಲ್ಲ. ಕಾಲೇಜಿನ ಹಾಜರಿಯಲ್ಲಿ ವಿದ್ಯಾರ್ಥಿಗಳು, ಕಾಕಾನ ಡೈರಿಯಲ್ಲಿ ಬಿಗಾರಿಗಳು, ಸರ್ಕಾರದ ಕಡತದಲ್ಲಿ ಯಾರೂ ಅಲ್ಲ. ರಜೆಯ ದುಡಿಮೆಗೆ ಬೇರೆಯೇ ಒಂದು ಚಿಕ್ಕ ನೋಂದಣಿ ಇಡುವುದು ಅಷ್ಟು ಕಷ್ಟವೇ? ಇವರನ್ನು ಕೇಳಿದರೆ, “ನಮ್ದು ಏನ್ ಬಿಡ್ರಿ ಸರ, ಎರಡು ತಿಂಗಳ ಮಾತು” ಅಂದುಬಿಟ್ಟರು. ಗಾಯಕ್ಕೆ ಎರಡು ತಿಂಗಳು ಬೇಕಿಲ್ಲ ಎಂದು ನಾನು ಹೇಳಿದೆ. ಪಿಎಸ್‌ಐ ಗೈಡಿನ ಹುಡುಗ ಮಾತ್ರ ಕಾಯ್ದೆಯ ಇಸವಿ ಬರೆದುಕೊಂಡ, ಪರೀಕ್ಷೆಗೆ ಬರಬಹುದೆಂದು.

ನಾಲ್ಕರ ಸುಮಾರಿಗೆ ಕೊನೆಯ ಘಮೇಲಿ ಬಿತ್ತು. ಥಾಪಿಯವನು ಈಗ ರಾಜ; ಸಮಮಾಡುವ ಮರದ ರಂಧಾ ಎಳೆಯುತ್ತ ಹಿಂದೆ ಹಿಂದೆ ಸರಿದ, ಉಳಿದವರು ಅವನಿಗೆ ದಾರಿ ಬಿಟ್ಟು ನಿಂತರು. ಮನೆಯವರು ಪೇಡೆ ಹಂಚಿದರು. ಕಾಕಾ ಡೈರಿ ತೆಗೆದು ಹೆಸರು ಕರೆದು, ಉಚಲಿನ (ಮುಂಗಡದ) ಬಾಬ್ತು ಮುರಿದುಕೊಂಡು, ಉಳಿದದ್ದನ್ನು ಎಣಿಸಿಕೊಟ್ಟರು. ಒಬ್ಬ ಅಲ್ಲೇ ನಿಂತು ತಂಗಿಯ ನರ್ಸಿಂಗ್ ಫೀಸಿಗೆಂದು ಫೋನಿನಲ್ಲೇ ಹಣ ಹಾಕಿಸಿದ. ಇನ್ನೊಬ್ಬ ಹೊಸ ಶೂಗೆ ಎಷ್ಟು ಕಡಿಮೆ ಬೀಳುತ್ತದೆಂದು ಲೆಕ್ಕ ಹಾಕಿದ.

ಆಮೇಲೆ ಶುರುವಾಯಿತು ದಿನದ ನಿಜವಾದ ತಕರಾರು. ಮರುದಿನ ಬೆಳಗ್ಗೆ ಸ್ಲ್ಯಾಬಿನ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಬೇಕು. ಇಂಥ ಬಿಸಿಲಿಗೆ ಹತ್ತು ದಿನವಾದರೂ ಒಣಗಲು ಬಿಡಬಾರದು. ಪೈಪು ಹಿಡಿದು ನಿಲ್ಲುವ ಕೆಲಸ, ಪೂರ್ತಿ ಪಗಾರ. ಐವರಿಗೂ ಬೇಕು. ಕಾಕಾ ಕೊಡುವುದು ಒಬ್ಬನಿಗೆ. ನಾನು ಲೋಕಲ್ ಹಿಡಿಯಲು ಹೊರಟಾಗ ಒಬ್ಬ ಮುರಿದ ಕವರ್ ಬ್ಲಾಕಿನ ಒಂದು ಬದಿಗೆ ಉಗುಳು ಹಚ್ಚಿ ಮೇಲೆ ಎಸೆಯಲು ತಯಾರಾಗಿದ್ದ; ಉಳಿದ ನಾಲ್ವರು ಹಸಿಯೋ ಒಣವೋ ಎಂದು ಒಟ್ಟಿಗೇ ಕೂಗುತ್ತಿದ್ದರು.